ಗ್ರಾಮಫೋನು ತಟ್ಟೆಯ ನಾಯಿ

ಮನೆಯಲ್ಲಿ ಹಳೆಯ ಗ್ರಾಮಫೋನು ತಟ್ಟೆಗಳಿದ್ದರೆ ಒಂದನ್ನು ತೆಗೆದು ನೋಡಿ. ಎಷ್ಟೋ ತಟ್ಟೆಗಳ ನಡುವಣ ಚೀಟಿಯಲ್ಲಿ, ಕಹಳೆಯ ಬಾಯಿಗೆ ಮೋರೆಯೊಡ್ಡಿ, ತಲೆಯನ್ನು ತುಸು ಓರೆಮಾಡಿ ಕುಳಿತ ನಾಯಿಯೊಂದು ಕಾಣುವುದು. ಅದು ಮೊದಲು ವ್ಯಾಪಾರದ ಮುದ್ರೆಯಲ್ಲ, ತೈಲಚಿತ್ರ. ಅದಕ್ಕೂ ಮೊದಲು ಉಸಿರಾಡುತ್ತಿದ್ದ ಒಂದು ನಾಯಿ.

ಅದರ ಹೆಸರು ನಿಪ್ಪರ್. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1884ರಲ್ಲಿ ಹುಟ್ಟಿತು. ಅದರ ಯಜಮಾನ, ನಾಟಕಶಾಲೆಯ ಪರದೆಗಳನ್ನು ಬರೆಯುತ್ತಿದ್ದ ಮಾರ್ಕ್ ಬರಾಡ್, 1887ರಲ್ಲಿ ತೀರಿಕೊಂಡನು. ನಾಯಿ ಅವನ ಸೋದರ, ಚಿತ್ರಕಾರ ಫ್ರಾನ್ಸಿಸ್ ಬರಾಡನ ಪಾಲಿಗೆ ಬಂದಿತು. 1895ರಲ್ಲಿ ಅದೂ ಸತ್ತಿತು. ಧ್ವನಿಯಂತ್ರದ ಮುಂದೆ ಬೆರಗಿನಿಂದ ಕಿವಿಗೊಡುವ ನಾಯಿಯ ಚಿತ್ರವನ್ನು ಫ್ರಾನ್ಸಿಸ್ ಬರೆದದ್ದು ಅದಾದ ಮೂರು ವರ್ಷಗಳ ಮೇಲೆ. ಅದಕ್ಕೆ 'ಯಜಮಾನನ ದನಿ' ಎಂಬರ್ಥದ ಹೆಸರಿಟ್ಟನು.

ಚಿತ್ರದಲ್ಲಿ ಮೊದಲಿದ್ದುದು ತಟ್ಟೆಯ ಯಂತ್ರವಲ್ಲ, ಮೇಣದ ಉರುಳೆಯ ಫೋನೋಗ್ರಾಫ್. 1899ರಲ್ಲಿ ಫ್ರಾನ್ಸಿಸ್ ಹಿತ್ತಾಳೆಯ ಕಹಳೆಯೊಂದನ್ನು ಎರವಲು ಕೇಳಲು ಲಂಡನ್ನಿನ ಗ್ರಾಮಫೋನ್ ಕಂಪನಿಗೆ ಹೋದನು. ಅಲ್ಲಿಯ ವ್ಯವಸ್ಥಾಪಕ ಓವೆನ್, ಉರುಳೆಯ ಯಂತ್ರವನ್ನು ಅಳಿಸಿ ತಮ್ಮ ಗ್ರಾಮಫೋನನ್ನು ಬರೆದುಕೊಟ್ಟರೆ ಚಿತ್ರವನ್ನೇ ಕೊಳ್ಳುವೆನೆಂದನು. ಚಿತ್ರಕ್ಕೆ 50 ಪೌಂಡು, ಹಕ್ಕಿಗೆ 50 ಪೌಂಡು ಬೆಲೆಯಾಯಿತು. ಬೆಳಕು ತಕ್ಕಂತೆ ಬಿದ್ದರೆ ಮೇಲಿನ ಬಣ್ಣದಡಿಯಲ್ಲಿ ಹಳೆಯ ಯಂತ್ರದ ಗುರುತು ಕಾಣುವುದಂತೆ.

ಇಲ್ಲಿ ಔಚಿತ್ಯದ ಪ್ರಶ್ನೆಯೊಂದಿದೆ. ಉರುಳೆಯ ಯಂತ್ರವು ದನಿಯನ್ನು ನುಡಿಸುವುದಷ್ಟೇ ಅಲ್ಲ, ಮನೆಯಲ್ಲಿಯೇ ಬರೆದಿಟ್ಟುಕೊಳ್ಳಲೂ ಬರುತ್ತಿತ್ತು. ಸತ್ತ ಯಜಮಾನನ ಮಾತು ಅದರಲ್ಲಿ ಉಳಿದಿರಬಹುದೆಂಬ ಕಲ್ಪನೆಗೆ ಎಡೆಯಿತ್ತು. ತಟ್ಟೆಯ ಗ್ರಾಮಫೋನಾದರೋ ಕಾರ್ಖಾನೆಯಲ್ಲಿ ಅಚ್ಚಾದ ಹಾಡನ್ನು ಮಾತ್ರ ನುಡಿಸಬಲ್ಲುದು. ಎಂದಮೇಲೆ ಚಿತ್ರದ ಹೆಸರು ಒಪ್ಪುವುದು ಮರೆಯಾದ ಯಂತ್ರಕ್ಕೆ. ಜಗತ್ತು ಕಂಡ ಯಂತ್ರಕ್ಕಲ್ಲ!

ಆದರೂ ನೋಡುವವರಿಗೆ ಈ ಕೊರತೆ ತೋರುವುದೇ ಇಲ್ಲ. ಏಕೆ? ಯಂತ್ರ ಬದಲಾಯಿತು, ನಾಯಿಯ ಭಂಗಿ ಬದಲಾಗಲಿಲ್ಲ. 'ದನಿ ಇದೆ, ಆಳು ಎಲ್ಲಿ?' ಎಂಬ ಶಂಕೆಯೆಲ್ಲ ಆ ಓರೆಯಾದ ಕತ್ತಿನಲ್ಲಿದೆ. ನಾಯಿ ಕುಳಿತಿರುವುದು ಯಜಮಾನನ ಶವಪೆಟ್ಟಿಗೆಯ ಮೇಲೆ ಎಂದು ಕೆಲವರು ಕಥೆ ಕಟ್ಟಿದ್ದಾರೆ. ಅದಕ್ಕೆ ಆಧಾರವೂ ಇಲ್ಲ, ಅದರ ಅಗತ್ಯವೂ ಇಲ್ಲ.

ಫ್ರಾನ್ಸಿಸ್ 1924ರಲ್ಲಿ ತೀರಿಕೊಳ್ಳುವುದರೊಳಗೆ ಇದೇ ಚಿತ್ರದ 24 ಪ್ರತಿಗಳನ್ನು ತನ್ನ ಕೈಯಾರೆ ಬರೆದನು. ಮುಂದಿನ ಸಲ ತಟ್ಟೆಯನ್ನು ತಿರುಗಲು ಬಿಡುವ ಮುನ್ನ, ಒಂದು ಗಳಿಗೆ ಕಹಳೆಯನ್ನು ಬಿಟ್ಟು ಆ ನಾಯಿಯ ಕಿವಿಗಳನ್ನು ನೋಡಿರಿ.