ಮೊಮ್ಮಗನ ಒಂದು ಪುಟದ ಅರ್ಜಿ

ಕಳೆದ ವರ್ಷ ದಸರಾ ರಜೆಗೆಂದು ಬೆಂಗಳೂರಿನ ಹಾಸ್ಟೆಲಿನಿಂದ ಬಂದ ಮೊಮ್ಮಗ ಕೋಣೆ ಬಿಟ್ಟು ಹೊರಗೆ ಬರಲೇ ಇಲ್ಲ. ಅವನಿಗೆಂದೇ ಮಾಡಿದ ಒಬ್ಬಟ್ಟು ತಟ್ಟೆಯಲ್ಲೇ ಉಳಿಯಿತು. ರಾತ್ರಿ ಎರಡಾದರೂ ಕೋಣೆಯ ದೀಪ ಆರುತ್ತಿರಲಿಲ್ಲ. "ನಿಮ್ಮ ತಾತ ಐದು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದರು. ನಿನಗೇನು ಕಷ್ಟವೋ?" ಎಂದುಬಿಟ್ಟೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ಅವನೇ ಅಡುಗೆಮನೆಗೆ ಬಂದ. "ಅಜ್ಜಿ, ಒಂದೂವರೆ ತಿಂಗಳಿಂದ ಕ್ಲಾಸಿಗೆ ಹೋಗಿಲ್ಲ. ಬೆಳಗ್ಗೆ ಏಳೋಕೇ ಆಗ್ತಿಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ" ಎಂದ. ಈ ಸಲ ನಾನು ಬುದ್ಧಿ ಹೇಳಲಿಲ್ಲ. ಒಲೆ ಆರಿಸಿ ಅವನ ಪಕ್ಕ ಕುಳಿತೆ.

ಅಂದು ಸಂಜೆ ಇಬ್ಬರೂ ಸೇರಿ 14416ಕ್ಕೆ ಫೋನ್ ಮಾಡಿದೆವು. ಇದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಅವರು ಹೇಳಿದಂತೆ ಮನೋವೈದ್ಯರನ್ನು ಕಂಡೆವು. "ಇದು ಖಿನ್ನತೆ, ಸೋಮಾರಿತನವಲ್ಲ. ಚಿಕಿತ್ಸೆಯಿದೆ" ಎಂದರು ವೈದ್ಯರು.

ಆದರೆ ಹಾಜರಾತಿ? ಕಾಲೇಜಿನ ಕಚೇರಿಯಲ್ಲಿ, "ಹುಡುಗ ಚೆನ್ನಾಗೇ ಇದ್ದಾನಲ್ಲ! ಕಾಯಿಲೆ ಎಲ್ಲಿ?" ಎಂದು ವಾಪಸು ಕಳಿಸಿದರು. ಮೊಮ್ಮಗ ಓದೇ ಬೇಡ ಎಂದು ಕುಳಿತ.

"ಬಾಯಿಮಾತು ಬೇಡ, ಬರೆದು ಕೊಡಿ" ಎಂದು ವೈದ್ಯರೇ ದಾರಿ ತೋರಿದರು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅವನ ಕಾಲೇಜಿನಲ್ಲೂ ಒಬ್ಬರು ಮೇಡಂ ಇದ್ದರು, ನಮಗೇ ತಿಳಿದಿರಲಿಲ್ಲ. ಅವರ ಮುಂದೆ ಕುಳಿತು ಮೊಮ್ಮಗ ತಾನೇ ಅರ್ಜಿ ಬರೆದ. ಒಂದೇ ಪುಟ, ಮೂರೇ ಬೇಡಿಕೆ: ಚಿಕಿತ್ಸೆಯ ದಿನಗಳಿಗೆ ಹಾಜರಾತಿ ವಿನಾಯಿತಿ, ಬಾಕಿ ಉಳಿದ ಅಸೈನ್‌ಮೆಂಟುಗಳಿಗೆ ಹೆಚ್ಚು ಸಮಯ, ಗಲಾಟೆ ಕಡಿಮೆಯಿರುವ ಕೋಣೆ. ಜೊತೆಗೆ ವೈದ್ಯರ ಪತ್ರ. ಮನಸ್ಸಿನಲ್ಲಿರುವುದನ್ನೆಲ್ಲ ಅರ್ಜಿಯಲ್ಲಿ ತೋಡಿಕೊಳ್ಳಬೇಕಿಲ್ಲ ಎಂದು ಮೇಡಂ ಹೇಳಿದಾಗ ಅವನ ಮುಖ ಹಗುರಾಯಿತು. ರೋಗಿಯ ಗುಟ್ಟು ಕಾಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ವೈದ್ಯರಿಗೆ ಹೇಳುತ್ತದೆ. ಅರ್ಜಿಯ ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಂಡು ಬಂದೆವು.

ಕೇಳಿದ್ದೆಲ್ಲ ಸಿಗಲಿಲ್ಲ. ಕೋಣೆ ಬದಲಾಯಿತು, ಅಸೈನ್‌ಮೆಂಟಿಗೆ ಸಮಯ ಸಿಕ್ಕಿತು. ಎರಡು ವಿಷಯಗಳ ಪರೀಕ್ಷೆ ಮಾತ್ರ ಮುಂದಿನ ಸಲಕ್ಕೆ ಉಳಿಯಿತು. ಉಳಿಯಲಿ ಬಿಡಿ. ಹುಡುಗ ಓದು ಬಿಡಲಿಲ್ಲ.

ಮಕ್ಕಳೇ, ಕಾಲು ಉಳುಕಿದರೆ ಹೇಳುತ್ತೀರಲ್ಲ, ಮನಸ್ಸು ನೊಂದರೂ ಹಾಗೆಯೇ ಹೇಳಿ. ಅಜ್ಜ ಅಜ್ಜಿಯರೇ, ಅವರು ಹೇಳುವಾಗ ತಾತನ ಐದು ಮೈಲಿ ನಡಿಗೆಯನ್ನು ಸ್ವಲ್ಪ ಬದಿಗಿಡೋಣ.

ಈಗ ಬೆಳಗ್ಗೆ ಏಳಕ್ಕೆ ನನ್ನ ಫೋನು ರಿಂಗಾಗುತ್ತದೆ. "ಎದ್ದೆ ಅಜ್ಜಿ" ಎನ್ನುತ್ತಾನೆ. ಕೆಲವು ದಿನ ಏಳೂವರೆಯಾಗುತ್ತದೆ. ನಾನು ಕಾಯುತ್ತೇನೆ.