ಸಮುದ್ರ ತೀರದ ರಜೆ: ಕೋಣೆಗಿಂತ ಮೊದಲು ಅಡುಗೆಮನೆ ವಿಚಾರಿಸಿ



ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮದು ಬೇಳೆಕಾಳಿನ ಅಂಗಡಿ. ಸಮಾಜದ ಯಾತ್ರೆಗಳಿಗೆ ಬಸ್ಸು ಗೊತ್ತುಮಾಡುವುದು, ಊಟ ವಸತಿಗೆ ಫೋನ್ ಮಾಡುವುದು ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿರುವ ಸೇವೆ. ಆ ಕಾರಣಕ್ಕೋ ಏನೋ, ನವೆಂಬರ್ ಬಂತೆಂದರೆ ಅಂಗಡಿಗೆ ಬಂದವರು ತೊಗರಿಬೇಳೆ ದರ ಕೇಳುವ ಮೊದಲು ಇನ್ನೊಂದು ಕೇಳುತ್ತಾರೆ. "ಅಣ್ಣಾ, ಕ್ರಿಸ್ಮಸ್ ರಜೆಗೆ ಮಕ್ಕಳು ಸಮುದ್ರ ಸಮುದ್ರ ಅಂತ ಹಟ ಹಿಡಿದಿದ್ದಾರೆ. ಯಾವ ರೆಸಾರ್ಟ್ ಒಳ್ಳೇದು? ವಿಲ್ಲಾ ತಗೊಳ್ಳೋದಾ?"

ನಾನು ರೆಸಾರ್ಟಿನ ಹೆಸರು ಹೇಳುವುದಿಲ್ಲ. ಇವತ್ತು ಒಳ್ಳೆಯ ಮ್ಯಾನೇಜರ್ ಇರುವ ಕಡೆ ಮುಂದಿನ ತಿಂಗಳು ಬೇರೆಯವರು ಇರುತ್ತಾರೆ. ಅಡುಗೆಯವರಂತೂ ಇನ್ನೂ ಬೇಗ ಬದಲಾಗುತ್ತಾರೆ. ಹೆಸರಿನ ಬದಲು ಏನು ವಿಚಾರಿಸಬೇಕು ಎಂದು ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಮ್ಮ ಮನೆಯಲ್ಲೇ ಆದದ್ದು. ಕೆಲವು ವರ್ಷಗಳ ಹಿಂದೆ ನಾವು ಹನ್ನೊಂದು ಜನ ಕರಾವಳಿಯ ಒಂದು ರೆಸಾರ್ಟಿಗೆ ಮೂರು ದಿನಕ್ಕೆ ಹೋದೆವು. ಬುಕ್ ಮಾಡುವಾಗ ಫೋನಿನಲ್ಲಿ "ಜೈನ್ ಫುಡ್ ಸಿಗುತ್ತೆ ಸಾರ್, ನೋ ಪ್ರಾಬ್ಲಂ" ಎಂದಿದ್ದರು. ನಾನು ಅಷ್ಟಕ್ಕೇ ನಂಬಿದೆ. ಹೋಗಿ ನೋಡಿದರೆ ಅವರ ಲೆಕ್ಕದಲ್ಲಿ ಜೈನ್ ಫುಡ್ ಎಂದರೆ ಈರುಳ್ಳಿ ಹಾಕದ ಆಲೂಗಡ್ಡೆ ಪಲ್ಯ. ರಾತ್ರಿ ಊಟದ ಬಫೆ ಶುರುವಾಗುವುದೇ ಏಳೂವರೆಗೆ. ಅದಕ್ಕೆ ಮೊದಲು ಒಲೆ ಹಚ್ಚಲು ಅಡುಗೆಯವರೇ ಬಂದಿರುವುದಿಲ್ಲ. ನಮ್ಮ ತಾಯಿಗೆ ಆಗ ಎಂಬತ್ತು ದಾಟಿತ್ತು. ಮದುವೆಯಾದ ಹೊಸದರಲ್ಲಿ ತೆಗೆದುಕೊಂಡ ರಾತ್ರಿಭೋಜನ ತ್ಯಾಗದ ನಿಯಮ ಅವರದು. ಮೂರು ಸಂಜೆಯೂ ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ. ಒಂದು ಮಾತೂ ಆಡಲಿಲ್ಲ. "ಮಕ್ಕಳು ಖುಷಿಯಾಗಿದಾವೆ ಬಿಡಪ್ಪ" ಎಂದರು. ಗೋಣಿಯೊಳಗೆ ಕೈ ಹಾಕಿ ನೋಡದೆ ಒಂದು ಮೂಟೆ ಬೇಳೆ ಕೊಳ್ಳದ ನಾನು, ತಾಯಿಯ ಊಟವನ್ನು ಒಂದು ಫೋನ್ ಮಾತಿಗೆ ಒಪ್ಪಿಸಿದ್ದೆ.

ಹಾಗಾಗಿ ಮುಂದಿನ ಸಲ ಅಡುಗೆಮನೆ ಇರುವ ವಿಲ್ಲಾ ತೆಗೆದುಕೊಂಡೆವು. ಬೇಳೆ, ಅಕ್ಕಿ, ಕುಕ್ಕರು, ಕಾವಲಿ ಎಲ್ಲ ಮೈಸೂರಿನಿಂದಲೇ ಹೋಯಿತು. ತಾಯಿಗೆ ಹೊತ್ತಿಗೆ ಸರಿಯಾಗಿ ಊಟ ಆಯಿತು. ನಾನು ಬೀಗುತ್ತಿದ್ದೆ. ವಾಪಸು ಬರುವಾಗ ಸಂಪಾಜೆ ಘಾಟಿನಲ್ಲಿ ಹಿರಿಸೊಸೆ ನಗುತ್ತಲೇ ಹೇಳಿದಳು: "ಮಾವ, ನಾನು ಸಮುದ್ರ ನೋಡಿದ್ದು ಅಡುಗೆಮನೆ ಕಿಟಕಿಯಿಂದ." ನಕ್ಕೇ ಹೇಳಿದ್ದು, ಆದರೆ ಮಾತು ನಿಜ. ಮನೆಯ ಹೆಂಗಸರಿಗೆ ಊರು ಬದಲಾಗಿತ್ತು, ಕೆಲಸ ಬದಲಾಗಿರಲಿಲ್ಲ.

ಈ ಎರಡು ಅನುಭವದಿಂದ ನಾನು ಕಂಡುಕೊಂಡದ್ದು ಇಷ್ಟು. ಸಂಜೆಯ ಊಟ ಎಷ್ಟು ಹೊತ್ತಿಗೆ, ಯಾರ ಕೈಯಲ್ಲಿ, ಯಾವ ಒಲೆಯ ಮೇಲೆ ಎಂಬುದನ್ನು ಮೊದಲು ಗೊತ್ತುಮಾಡಬೇಕು. ರೆಸಾರ್ಟೋ ವಿಲ್ಲಾವೋ ಎಂಬುದು ಆಮೇಲೆ ತಾನೇ ತೀರ್ಮಾನವಾಗುತ್ತದೆ.

ಸಮುದ್ರ ತೀರದಲ್ಲಿ ನಮಗೆ ಇರುವ ತೊಡಕೇ ಇದು: ಎಲ್ಲರೂ ಸೂರ್ಯಾಸ್ತ ನೋಡಲು ನೀರಿನ ಹತ್ತಿರ ಹೋಗುವ ಹೊತ್ತು, ನಮಗೆ ಊಟ ಮುಗಿದಿರಬೇಕಾದ ಹೊತ್ತು. ಮಂಗಳೂರು ಕಡೆ ಡಿಸೆಂಬರ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಸುಮಾರು 6.05ಕ್ಕೆ, ಮೇ ತಿಂಗಳಲ್ಲಿ 6.50ರ ಹತ್ತಿರ. ಮೈಸೂರಿಗಿಂತ ಏಳೆಂಟು ನಿಮಿಷ ತಡ. ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಮುಗಿಸುವ ಹಿರಿಯರಿದ್ದರೆ ಡಿಸೆಂಬರಿನಲ್ಲಿ 5.15ಕ್ಕೆ ಕೈ ತೊಳೆದಿರಬೇಕು. ಇದನ್ನು ಸರಿಯಾಗಿ ಹೊಂದಿಸಿಕೊಂಡರೆ ಲಾಭವೂ ಇದೆ. ಐದೂಕಾಲಿಗೆ ಊಟ ಮುಗಿಸಿ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಒಟ್ಟಿಗೆ ಮರಳಿನ ಮೇಲೆ ಕುಳಿತು ಸೂರ್ಯಾಸ್ತ ನೋಡಬಹುದು. ಹಿಂದಿರುಗಿದ ಮೇಲೆ ಅಡುಗೆಯ ಚಿಂತೆ ಯಾರಿಗೂ ಇಲ್ಲ.

ರೆಸಾರ್ಟ್ ಆದರೆ ಫೋನ್ ಮಾತು ಸಾಲದು, ವಾಟ್ಸಾಪಿನಲ್ಲಿ ಬರೆದು ಕಳಿಸಿ. ನಾನು ಕಳಿಸುವುದು ಹೀಗೆ, ಬೇಕಾದವರು ಇದನ್ನೇ ಬಳಸಿಕೊಳ್ಳಿ: "ನಾವು ಜೈನರು, ಹನ್ನೊಂದು ಜನ. ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಸುವರ್ಣಗಡ್ಡೆ, ಹಸಿಶುಂಠಿ, ಅಣಬೆ, ಜೇನುತುಪ್ಪ, ಮೊಟ್ಟೆ ಯಾವುದೂ ಬೇಡ. ಸಂಜೆ ಊಟ 4.30ಕ್ಕೆ ಬಡಿಸಬೇಕು. ಮೀನು ಮಾಂಸಕ್ಕೆ ಬಳಸದ ಪಾತ್ರೆ, ಕಾವಲಿ, ಸೌಟು, ಎಣ್ಣೆ ಬೇಕು. ಕುಡಿಯುವ ನೀರನ್ನು ನಾವೇ ಗಾಳಿಸಿಕೊಳ್ಳುತ್ತೇವೆ. ಒಪ್ಪಿಗೆಯಾದರೆ ಈ ಸಂದೇಶಕ್ಕೇ ಉತ್ತರ ಕೊಡಿ." ಉತ್ತರ ಬಂದ ಮೇಲೆ ಅಡುಗೆಯವರ ಜೊತೆಗೇ ಎರಡು ನಿಮಿಷ ಮಾತಾಡಿ. ಬುಕಿಂಗ್ ತೆಗೆದುಕೊಳ್ಳುವವರು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಆಗುತ್ತೋ ಇಲ್ಲವೋ ಎಂದು ನಿಜ ಹೇಳುವವರು ಅಡುಗೆಯವರು. "ಐದು ಗಂಟೆಗೆ ಆಗಲ್ಲ ಸಾರ್, ಆರೂವರೆ ಆಗುತ್ತೆ" ಎಂದು ನೇರವಾಗಿ ಹೇಳಿದರೆ ಅವರಿಗೆ ಧನ್ಯವಾದ ಹೇಳಿ ಬೇರೆ ಕಡೆ ನೋಡಿ.

ಉಡುಪಿ ಕಡೆಯ ಅಡುಗೆ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಈರುಳ್ಳಿ ಬೆಳ್ಳುಳ್ಳಿ ಹಾಕದ ಸಾತ್ವಿಕ ಅಡುಗೆ ಅಲ್ಲಿ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಅದೇ ಹುಳಿಯಲ್ಲಿ ಸುವರ್ಣಗಡ್ಡೆಯೋ ಆಲೂಗಡ್ಡೆಯೋ ಇರಬಹುದು, ಚಟ್ನಿಯಲ್ಲಿ ಹಸಿಶುಂಠಿ ಇರಬಹುದು. ಗೆಡ್ಡೆ ತಿನ್ನುವುದಿಲ್ಲ ಎಂದು ಬಿಡಿಸಿ ಹೇಳಲೇಬೇಕು. ಹೇಳಿದರೆ ಮಾಡಿಕೊಡುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಹುಳಿ ಬಂದ ಹಿಟ್ಟಿನ ದೋಸೆ ಇಡ್ಲಿ ತಿನ್ನದ ಹಿರಿಯರಿಗೆ ನೀರುದೋಸೆ ಒಳ್ಳೆಯ ದಾರಿ. ಅದರ ಹಿಟ್ಟು ಹುಳಿ ಬರಬೇಕಾಗಿಲ್ಲ, ರುಬ್ಬಿದ ಕೂಡಲೇ ಹೊಯ್ಯಬಹುದು. ಕಾಯಿಹಾಲಿನ ಜೊತೆ ಶ್ಯಾವಿಗೆಯೂ ಹಾಗೆಯೇ.

ಇನ್ನು ವಿಲ್ಲಾ ಮತ್ತು ಹೋಂಸ್ಟೇ. ಎಂಟು ಹತ್ತು ಜನ ಇದ್ದರೆ ಲೆಕ್ಕಕ್ಕೆ ಇದೇ ವಾಸಿ ಎನಿಸುತ್ತದೆ. ಆದರೆ ದರ ಕೇಳುವಾಗ ಪೂರ್ತಿ ಕೇಳಿ: ಹೆಚ್ಚುವರಿ ಜನರಿಗೆ ಎಷ್ಟು, ಸ್ವಚ್ಛತೆಗೆ ಬೇರೆ ಹಣವೇ, ಠೇವಣಿ ಯಾವಾಗ ವಾಪಸು, ತೆರಿಗೆ ಸೇರಿದೆಯೇ? ಹೋಟೆಲ್ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗೆ ಜಿಎಸ್‌ಟಿ ಶೇ. 5, ಅದರ ಮೇಲೆ ಶೇ. 18. 7,400ರ ಕೋಣೆಗೂ 7,600ರ ಕೋಣೆಗೂ ಬಾಡಿಗೆಯ ವ್ಯತ್ಯಾಸ 200, ತೆರಿಗೆಯ ವ್ಯತ್ಯಾಸ ಸಾವಿರದಷ್ಟು. ವ್ಯಾಪಾರಿಗಳಾದ ನಾವು ಇದನ್ನಾದರೂ ಗಮನಿಸಬೇಡವೇ?

ಅಡುಗೆಗೆ ಒಪ್ಪಿಗೆ ಇದೆಯೇ, ಸಿಲಿಂಡರ್ ತುಂಬಿದೆಯೇ, ಆ ಒಲೆಯ ಮೇಲೆ ಮೀನು ಬೇಯಿಸುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕರಾವಳಿಯಲ್ಲಿ ಮೀನು ಅವರ ಊಟ, ಅದರಲ್ಲಿ ಅವರ ತಪ್ಪೇನೂ ಇಲ್ಲ. ನಮಗೆ ಆಗದಿದ್ದರೆ ಒಂದು ಚಿಕ್ಕ ಒಲೆಯನ್ನು ನಾವೇ ಒಯ್ಯಬೇಕು, ಅದಕ್ಕೂ ಅನುಮತಿ ಮೊದಲೇ ಪಡೆಯಬೇಕು. ಸಮುದ್ರಕ್ಕೆ ತೀರಾ ಹತ್ತಿರದ ಬಾವಿಗಳಲ್ಲಿ ಏಪ್ರಿಲ್ ಮೇ ಹೊತ್ತಿಗೆ ನೀರು ಉಪ್ಪಾಗುವುದುಂಟು, ಕುಡಿಯಲು ಅಡುಗೆಗೆ ಯಾವ ನೀರು ಎಂದು ಕೇಳಿ. ಮೊಣಕಾಲು ನೋವಿನವರಿಗೆ ಕೆಳಗಿನ ಮಹಡಿಯಲ್ಲೇ ಮಲಗುವ ಕೋಣೆ, ಕುರ್ಚಿಯಂತೆ ಕೂರುವ ಶೌಚಾಲಯ ಬೇಕು.

ಹೆಂಗಸರಿಗೂ ರಜೆ ಆಗಬೇಕಲ್ಲ, ಅದಕ್ಕೆ ನಾವು ಈಗ ಮಾಡುವ ವ್ಯವಸ್ಥೆ ಹೀಗಿದೆ. ಇಬ್ಬರು ಮೂವರು ಬಂಧುಗಳ ಕುಟುಂಬ ಸೇರಿ ದೊಡ್ಡ ಮನೆ ತೆಗೆದುಕೊಳ್ಳುತ್ತೇವೆ. ನಮ್ಮ ಪದ್ಧತಿ ಗೊತ್ತಿರುವ ಒಬ್ಬ ಅಡುಗೆಯವರನ್ನು ಜೊತೆಗೇ ಕರೆದೊಯ್ಯುತ್ತೇವೆ. ಅವರ ಸಂಬಳ ಹಂಚಿಕೊಂಡರೆ ಒಂದೊಂದು ಕುಟುಂಬಕ್ಕೆ ಭಾರವಾಗುವುದಿಲ್ಲ. ಅದು ಆಗದಿದ್ದರೆ ಮಧ್ಯಾಹ್ನದ ಊಟ ಮಾತ್ರ ಮನೆ ನೋಡಿಕೊಳ್ಳುವವರಿಗೆ ಬರೆದುಕೊಟ್ಟು ಮಾಡಿಸುವುದು, ಸಂಜೆಗೆ ಚಪಾತಿ, ಹೆಸರುಬೇಳೆ ತೊವ್ವೆ, ಹಣ್ಣು. ತೊವ್ವೆ ಕೂಗಿಸುವುದು ಗಂಡಸರ ಪಾಳಿ. ನಾನು ಮಾಡಿದ ತೊವ್ವೆ ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ, ಆದರೂ ಪಾಳಿ ತಪ್ಪಿಸಿಲ್ಲ.

ಈಗ ಈಜುಕೊಳದ ವಿಷಯ. ಇದನ್ನು ಮೈಸೂರಿನವರು ಓದಿ ಬಿಡುವಂತಿಲ್ಲ. 2024ರ ನವೆಂಬರಿನಲ್ಲಿ ಮಂಗಳೂರು ಬಳಿಯ ಉಚ್ಚಿಲದ ಒಂದು ಖಾಸಗಿ ಬೀಚ್ ರೆಸಾರ್ಟಿನ ಈಜುಕೊಳದಲ್ಲಿ ನಮ್ಮ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಅಲ್ಲಿ ಜೀವರಕ್ಷಕರಿರಲಿಲ್ಲ, ಕೊಳದ ಆಳದ ಗುರುತೂ ಇರಲಿಲ್ಲ ಎಂದು ಆಗ ವರದಿಯಾಯಿತು. ಮುಂದಿನ ತಿಂಗಳೇ ಮುರ್ಡೇಶ್ವರದ ಸಮುದ್ರದಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಹೋದರು. ಬಯಲುಸೀಮೆಯ ನಮ್ಮ ಮಕ್ಕಳಿಗೆ ನೀರಿನ ಅಭ್ಯಾಸ ಕಡಿಮೆ. ಸಮುದ್ರಕ್ಕೆ ಹೆದರುವವರೂ ಕಾಂಪೌಂಡಿನ ಒಳಗಿನ ಕೊಳ ಎಂದರೆ ಧೈರ್ಯವಾಗಿ ಇಳಿಯುತ್ತಾರೆ. ಖಾಸಗಿ ವಿಲ್ಲಾದಲ್ಲಿ ಕೊಳ ನಮಗೇ ಬಿಟ್ಟದ್ದು ಎಂದರೆ, ಕಾಯುವವರೂ ನಾವೇ ಎಂದು ಅರ್ಥ.

ಆದ್ದರಿಂದ ಹಣ ಕಟ್ಟುವ ಮೊದಲು ವಿಡಿಯೋ ಕರೆ ಮಾಡಿ ಕೊಳ ತೋರಿಸಲು ಹೇಳಿ. ಸುತ್ತ ಬೇಲಿ, ಬೀಗ ಹಾಕುವ ಗೇಟು, ಆಳವನ್ನು ಅಡಿಯಲ್ಲಿ ಬರೆದ ಗುರುತು, ಎಸೆಯಲು ಹಗ್ಗ ಕಟ್ಟಿದ ಟ್ಯೂಬು ಇವೆಯೇ ನೋಡಿ. ಚಿಕ್ಕ ಮಕ್ಕಳಿದ್ದರೆ ಕೊಳವಿಲ್ಲದ ಮನೆಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಮಕ್ಕಳು ಮುನಿಸಿಕೊಂಡರೂ ಸರಿ. ಅದೇ ಕರೆಯಲ್ಲಿ ಮನೆಯಿಂದ ಸಮುದ್ರದವರೆಗೆ ನಡೆದು ತೋರಿಸಲು ಹೇಳಿ. ಫೋಟೋದಲ್ಲಿ ಅಂಗಳಕ್ಕೆ ಅಲೆ ಬಡಿಯುವಂತೆ ಕಾಣುವ ಮನೆ ಹೆದ್ದಾರಿಯ ಆಚೆ ಇರುವುದುಂಟು. ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದೂ ಕೇಳಿ. ಕರೆ ಮಾಡಲು ಒಪ್ಪದವರಿಗೆ, ಪೂರ್ತಿ ಹಣ ಈಗಲೇ ಹಾಕಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಸಮುದ್ರದಲ್ಲಿ ಮೊಣಕಾಲಿನ ಮೇಲೆ ನೀರು ಬೇಡ. ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆಯಿಲ್ಲದೆ ಶಾಂತವಾಗಿ, ಗಾಢ ಬಣ್ಣದಲ್ಲಿ ಕಾಣುತ್ತಿದ್ದರೆ ಅದು ಸುರಕ್ಷಿತ ಜಾಗವಲ್ಲ, ದಡದ ನೀರು ಒಳಕ್ಕೆ ಎಳೆದು ಹೋಗುವ ದಾರಿ. ಅದರಲ್ಲಿ ಸಿಕ್ಕಿದವರು ದಡದ ಕಡೆಗೆ ನೇರ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಸರಿದು ಆ ಸೆಳೆತ ದಾಟಿದ ಮೇಲೆ ದಡಕ್ಕೆ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಹೋಗಲೇಬೇಡಿ. ಮುಂಗಾರಿನಲ್ಲಿ ಅಲ್ಲಿನ ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಹೇಗೂ ಆ ತಿಂಗಳುಗಳ ಬಹುಪಾಲು ನಮಗೆ ಚಾತುರ್ಮಾಸ.

ಯಾವ ತೀರ ಎಂದರೆ, 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ದೇಶದ ಎಂಟು ತೀರಗಳಲ್ಲಿ ಎರಡು ನಮ್ಮವು: ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು. ಈ ಮಾನ್ಯತೆಗೆ ನೀರಿನ ಪರೀಕ್ಷೆ, ಶೌಚಾಲಯ, ಜೀವರಕ್ಷಕರು ಇರಬೇಕೆಂಬ ನಿಯಮವಿದೆ. ಗೋಕರ್ಣದ ಓಂ ಬೀಚ್, ಕುಡ್ಲೆ ಬೀಚ್ ನೋಡಲು ಚೆಂದ, ಆದರೆ ಹಿರಿಯರನ್ನು ಇಳಿಸಿ ಹತ್ತಿಸುವುದು ಕಷ್ಟ.

ನನ್ನ ಮೆಚ್ಚಿನದು ಪಡುಬಿದ್ರಿ ದಾರಿ. ಅಲ್ಲಿಂದ ಕಾರ್ಕಳಕ್ಕೆ ಒಂದು ಗಂಟೆಯೂ ಬೇಡ. 1432ರ ಬಾಹುಬಲಿ, 42 ಅಡಿ. ಎದುರಿಗೇ 1586ರ ಚತುರ್ಮುಖ ಬಸದಿ. ಅಲ್ಲಿಂದ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಹತ್ತಿರ. ಬೆಳಿಗ್ಗೆ ದರ್ಶನ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಸಮುದ್ರ. ಅಜ್ಜಿಗೂ ಮೊಮ್ಮಕ್ಕಳಿಗೂ ಜಗಳವಿಲ್ಲ. ಆ ಕಡೆಯ ಊರುಗಳಲ್ಲಿ ಜೈನ ಮನೆತನಗಳು ಇರುವುದರಿಂದ ನಮ್ಮ ಊಟದ ನಿಯಮವನ್ನು ಬಿಡಿಸಿ ಹೇಳುವ ಕಷ್ಟವೂ ಕಡಿಮೆ. ಕಾಸರಕೋಡಿನಲ್ಲಿ ಉಳಿದವರು ಶರಾವತಿ ದಂಡೆಯ ಗೇರುಸೊಪ್ಪೆಯ ಚತುರ್ಮುಖ ಬಸದಿ ನೋಡದೆ ಬರಬೇಡಿ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರಿಂದ ಕರೆಸಿಕೊಂಡ ಚೆನ್ನಭೈರಾದೇವಿಯ ಊರು ಅದು. ಅಂಗಡಿಯವನಾದ ನನಗೆ ಅಲ್ಲಿ ನಿಂತಾಗ ಸ್ವಲ್ಪ ಹೆಚ್ಚೇ ಸಂತೋಷವಾಯಿತು.

ಹೊರಡುವ ದಿನಕ್ಕೆ ಒಂದೆರಡು ಮಾತು. ಪಂಚಾಂಗದಲ್ಲಿ ಅಷ್ಟಮಿ, ಚತುರ್ದಶಿ ಯಾವ ದಿನ ಬರುತ್ತದೆ ನೋಡಿಕೊಂಡೇ ಬುಕ್ ಮಾಡಿ. ಮೈಸೂರಿನಿಂದ ಮಡಿಕೇರಿ ಮೇಲೆ ಕರಾವಳಿ ತಲುಪಲು ಆರೇಳು ಗಂಟೆ ಹಿಡಿಯುತ್ತದೆ, ಆದ್ದರಿಂದ ಬೆಳಿಗ್ಗೆ ಆರಕ್ಕೇ ಹೊರಡಿ. ವಾಪಸಾಗುವಾಗಲೂ ಬೆಳಿಗ್ಗೆಯೇ. ಮಧ್ಯಾಹ್ನ ಹೊರಟರೆ ಸಂಜೆ ಊಟದ ಹೊತ್ತು ಘಾಟಿನಲ್ಲೇ ಕಳೆಯುತ್ತದೆ. ಚುರುಮುರಿ, ಖಾಖ್ರಾ, ಒಣದ್ರಾಕ್ಷಿ ಕೈಗೆ ಸಿಗುವ ಚೀಲದಲ್ಲಿರಲಿ. ನೀರು ಗಾಳಿಸುವ ಬಟ್ಟೆ ಎರಡು ಇಟ್ಟುಕೊಳ್ಳಿ, ಒಂದನ್ನು ಹೇಗೂ ವಿಲ್ಲಾದ ನಲ್ಲಿಯ ಮೇಲೆ ಮರೆತು ಬರುತ್ತೀರಿ.