ಪೆಟ್ಟಿಗೆ ಒಂದೋ, ಹಲವೋ?

ನಾಟಕ ಕಂಪನಿಗಳ ಪೇಟಿ ಮಾಸ್ತರರು ಕಾಲಿನಿಂದ ತಿದಿಯೊತ್ತುತ್ತ ಎರಡು ಕೈಗಳಿಂದಲೂ ಹಾರ್ಮೋನಿಯಂ ನುಡಿಸುತ್ತಿದ್ದುದನ್ನು ಬಳ್ಳಾರಿ ಸೀಮೆಯ ಹಿರಿಯರು ಬಲ್ಲರು. ಇಂದು ವಾದ್ಯಗೋಷ್ಠಿಯ ಗಿಟಾರ್ ವಾದಕನ ಕಾಲಿಗೂ ಕೆಲಸ ಬಿದ್ದಿದೆ. ವಿದ್ಯುತ್ ಗಿಟಾರಿನ ತೆಳುದನಿಯನ್ನು ಒರಟಾಗಿಸುವ, ಮಾರ್ದನಿಗೊಳಿಸುವ, ಅಲೆಯಾಡಿಸುವ ಪೆಡಲುಗಳನ್ನು ಅವನು ಕಾಲಿನಿಂದಲೇ ಒತ್ತಬೇಕು. ಅವನ್ನು ಒಂದೊಂದಾಗಿ ಕೊಳ್ಳುವುದು ಲೇಸೋ, ಎಲ್ಲವೂ ಅಡಕವಾದ ‘ಮಲ್ಟಿ ಎಫೆಕ್ಟ್ಸ್’ ಪೆಟ್ಟಿಗೆಯನ್ನು ತರುವುದು ಲೇಸೋ?

ಈ ಪೆಡಲುಗಳ ಹುಟ್ಟೇ ಒಂದು ಸೋಜಿಗ. ಅಮೆರಿಕದ ನ್ಯಾಶ್‌ವಿಲ್‌ನ ಧ್ವನಿಮುದ್ರಣಶಾಲೆಯೊಂದರಲ್ಲಿ ಯಂತ್ರದೋಷದಿಂದ ಹೊರಟ ಗೊಗ್ಗರು ದನಿ, 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್‌ನ ಹಾಡೊಂದರಲ್ಲಿ ಹಾಗೆಯೇ ಉಳಿದು ಜನರಿಗೆ ಹಿಡಿಸಿತು. ಆ ಕೆಡುಕನ್ನೇ ಬೇಕೆಂದಾಗ ಬರಿಸಿಕೊಳ್ಳಲು 1962ರಲ್ಲಿ ಮಾಯೆಸ್ಟ್ರೊ ಫಜ್‌-ಟೋನ್ ಎಂಬ ಪೆಡಲು ಬಂದಿತು. ಒಂದು ಪೆಟ್ಟಿಗೆ, ಒಂದೇ ಗುಣ. ಜಪಾನಿನ ಬಾಸ್ ಕಂಪನಿ 1988ರಲ್ಲಿ ತಂದ ಎಂಇ-5ರಲ್ಲಿ ಹಲವು ಗುಣಗಳು ಒಂದೇ ಮನೆಯಲ್ಲಿ ನೆಲೆಸಿದವು.

ಬಿಡಿ ಪೆಡಲುಗಳ ಮೇಲೆ ನನಗೆ ಮೋಹವುಂಟು. ಅವು ಕಿವಿಗೆ ಪಾಠ ಹೇಳುತ್ತವೆ. ಡಿಸ್ಟಾರ್ಷನ್ ಮೊದಲಿಟ್ಟು ಡಿಲೇಯನ್ನು ಅನಂತರ ಇಟ್ಟರೆ ಒರಟುದನಿ ಬಿಡಿಬಿಡಿಯಾಗಿ ಮಾರ್ದನಿಸುತ್ತದೆ. ಕ್ರಮ ತಿರುಗಿದರೆ ಮಾರ್ದನಿಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತವೆ. (ಸಮಾಸದಲ್ಲಿ ಪದಗಳ ಸ್ಥಾನ ಪಲ್ಲಟವಾದರೆ ಅರ್ಥ ಕೆಡುವುದಿಲ್ಲವೇ? ಕನ್ನಡ ಪಾಠ ಹೇಳುವವನಿಗೆ ಈ ಉಪಮೆ ತಪ್ಪದು.) ಒಂದು ಕೆಟ್ಟರೆ ಉಳಿದವು ನಡೆಯುತ್ತವೆ, ಬೇಡವಾದುದನ್ನು ಮಾರಿದರೆ ತಕ್ಕಮಟ್ಟಿಗೆ ಹಣವೂ ಹುಟ್ಟುತ್ತದೆ.

ಆದರೆ ಪಾರ್ವತಿನಗರದ ನಮ್ಮ ಬೀದಿಯ ತರುಣನ ಪಾಡು ಬೇರೆ. ಜಾತ್ರೆ, ಮದುವೆಗಳಲ್ಲಿ ನುಡಿಸಿ ಒಂದಿಷ್ಟು ಕೂಡಿಟ್ಟಿದ್ದಾನೆ. ಬೇಕಾದ ದನಿಗಳನ್ನು ಅವನು ಬೇಗ ಒದಗಿಸದಿದ್ದರೆ ಕೀಬೋರ್ಡಿನವನೇ ಗಿಟಾರಿನ ಪಾಲನ್ನೂ ನುಡಿಸಿಯಾನು ಎಂದು ತಂಡದ ಯಜಮಾನರು ಹೇಳಿಬಿಟ್ಟಿದ್ದಾರೆ. ತಂತಿಯನ್ನು ಬೆರಳಿನಿಂದ ಜಗ್ಗಿ ಹೊರಡಿಸುವ ಆ ಎಳೆತ ಕೀಬೋರ್ಡಿಗೆ ಎಲ್ಲಿಂದ ಬರಬೇಕು! ಆದರೆ ಸಂಭಾವನೆ ಕೊಡುವವರು ಅವರು.

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ಕಡೆ ಕನ್ನಡದ ಯುಗಳಗೀತೆ ಮುಗಿಯಿತೆನ್ನುವಷ್ಟರಲ್ಲಿ ತೆಲುಗು ಹಾಡಿಗೆ ಕೂಗು ಬರುತ್ತದೆ. ಆ ಒಂದು ಗಳಿಗೆಯಲ್ಲಿ, ಅರೆಗತ್ತಲಲ್ಲಿ, ನಾಲ್ಕು ಪೆಡಲುಗಳನ್ನು ಹುಡುಕಿ ಒತ್ತುವುದೆಂತು? ಪೆಡಲಿಗೊಂದು ವಿದ್ಯುತ್ ತಂತಿ, ನಡುನಡುವೆ ಜೋಡಣೆಯ ತಂತಿ, ಮೇಲೆ ನಮ್ಮೂರ ಧೂಳು. ಯಾವುದು ಸಡಿಲವಾದರೂ ದನಿ ನಿಂತಿತು. ಕೂಡುಪೆಟ್ಟಿಗೆಯಲ್ಲಾದರೆ ಹಾಡಿಗೆ ತಕ್ಕ ದನಿಯನ್ನು ಮೊದಲೇ ಕೂಡಿಸಿಟ್ಟು ಒಂದೇ ತುಳಿತಕ್ಕೆ ಎಬ್ಬಿಸಬಹುದು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಸಾಧನೆ ಮಾಡಿದರೆ ನೆರೆಯವರಾದ ನಮಗೂ ನಿದ್ದೆ.

ಹೀಗಾಗಿ, ನನ್ನ ಮೋಹವನ್ನು ಬದಿಗಿಟ್ಟು, ನಡುಬೆಲೆಯ ಕೂಡುಪೆಟ್ಟಿಗೆಯನ್ನೇ ಕೊಳ್ಳೆಂದು ಅವನಿಗೆ ಹೇಳಿದ್ದೇನೆ. ಅದರೊಳಗಿನ ನೂರಾರು ದನಿಗಳಲ್ಲಿ ಹತ್ತನ್ನಷ್ಟೇ ಆರಿಸಿ, ಕಾರ್ಖಾನೆಯವರು ಮಿತಿಮೀರಿ ಸುರಿದ ಮಾರ್ದನಿಯನ್ನು ಅರ್ಧಕ್ಕಿಳಿಸಬೇಕು. ಅಡಾಪ್ಟರ್ ಮಾತ್ರ ಎರಡಿರಲಿ: ಅದು ಕೈಕೊಟ್ಟರೆ ಹತ್ತೂ ದನಿಗಳು ಒಟ್ಟಿಗೆ ಮೂಕವಾಗುತ್ತವೆ.